ಮಿಕೇಲೆ ಸೊಆವಿ ಸಿನಿಮಾಗಳನ್ನು ಎಲ್ಲಿಂದ ಶುರು ಮಾಡಬೇಕು?

ನಮ್ಮ ದಾವಣಗೆರೆಯಲ್ಲಿ ಹಾರರ್ ಅಂದರೆ ಹಾಲಿವುಡ್, ಇಲ್ಲ ಕೊರಿಯಾ. ಇಟಲಿಯವರನ್ನು ಯಾರೂ ಕೇಳುವುದೇ ಇಲ್ಲ. ಮಿಕೇಲೆ ಸೊಆವಿ 1957ರಲ್ಲಿ ಮಿಲಾನಿನಲ್ಲಿ ಹುಟ್ಟಿದವರು, ಮೊದಲು ನಟ, ಆಮೇಲೆ ನಿರ್ದೇಶಕ. ನೋಡುವುದಾದರೆ ಅದೇ ಸಾಲಿನಲ್ಲಿ ನೋಡಿ.

ಮೊದಲು ತೆರೆ ಮೇಲೆ ಅವರನ್ನು ಹಿಡಿಯಿರಿ. ಲೂಚಿಯೊ ಫುಲ್ಚಿಯ 'ಸಿಟಿ ಆಫ್ ದಿ ಲಿವಿಂಗ್ ಡೆಡ್' (1980) ಸಿನಿಮಾದಲ್ಲಿ ಜಾಂಬಿ ಕೈಗೆ ಸಿಕ್ಕಿ ಬುರುಡೆ ಒಡೆಸಿಕೊಳ್ಳುವ ಹುಡುಗ ಇವರೇ. 'ಡೀಮನ್ಸ್' (1985) ಶುರುವಿನಲ್ಲಿ ಅರ್ಧ ಮುಖಕ್ಕೆ ಲೋಹದ ಮುಖವಾಡ ಹಾಕಿಕೊಂಡು ಟಿಕೆಟ್ ಹಂಚುವವರೂ ಇವರೇ, ಆ ಸಿನಿಮಾದ ಸಹಾಯಕ ನಿರ್ದೇಶಕರೂ ಹೌದು. ಇಟಲಿಯ ಇನ್ನೊಬ್ಬ ಹಾರರ್ ನಿರ್ದೇಶಕ ಡೇರಿಯೊ ಅರ್ಜೆಂಟೊ ಹತ್ತಿರವೂ ಹೀಗೆ ದುಡಿದರು. ಇವೆಲ್ಲ ಪೂರ್ತಿ ನೋಡಲೇಬೇಕು ಅಂತಿಲ್ಲ.

ಪೂರ್ತಿ ನೋಡಬೇಕಾದ್ದು 'ಸ್ಟೇಜ್‌ಫ್ರೈಟ್' (1987), ಅವರ ಮೊದಲ ಕಥಾಚಿತ್ರ. ರಾತ್ರಿ ತಾಲೀಮಿಗೆ ಸೇರಿದ ನಾಟಕದವರು ಒಳಗೇ ಲಾಕ್ ಆಗುತ್ತಾರೆ, ಬೀಗದ ಕೈ ಎಲ್ಲಿದೆ ಅಂತ ಗೊತ್ತಿದ್ದ ಹುಡುಗಿಯೇ ಒಳಗಿದ್ದವರಲ್ಲಿ ಮೊದಲು ಸಾಯುತ್ತಾಳೆ, ಗೂಬೆ ತಲೆ ಹಾಕಿಕೊಂಡ ಕೊಲೆಗಾರ ಅವರ ನಡುವೆಯೇ ಓಡಾಡುತ್ತಿರುತ್ತಾನೆ. ಚಿಂದೋಡಿ ಲೀಲಾ ಅವರ ಊರಿನವರಿಗೆ ಪರದೆ ಹಿಂದಿನ ಗಡಿಬಿಡಿ ಹೇಳಿಕೊಡಬೇಕಾ? ಕೊಲೆಗಿಂತ ಜಾಸ್ತಿ ರಂಗದ ಬೆಳಕನ್ನು ಗಮನಿಸಿ. ಕೊನೆಯ ಹೊತ್ತಿಗೆ ಅವನು ಹೆಣಗಳನ್ನೆಲ್ಲ ಸ್ಟೇಜ್ ಮೇಲೆ ಜೋಡಿಸಿ ನಡುವೆ ಕುಳಿತಿರುತ್ತಾನೆ, ಸುತ್ತ ಪುಕ್ಕ ಹಾರಾಡುತ್ತಿರುತ್ತವೆ. ಬರೀ ಕೊಲೆ ತೋರಿಸುವವರಿಗೆ ಇದು ಹೊಳೆಯುವುದಿಲ್ಲ.

ತುಟಿಗೂ ಮಾತಿಗೂ ತಾಳ ತಪ್ಪಿದರೆ ನಿಮ್ಮ ಪ್ರಿಂಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಆಗಿನ ಇಟಲಿಯಲ್ಲಿ ಮಾತನ್ನು ಆಮೇಲೆ ಸೇರಿಸುವುದೇ ರೂಢಿ. ಸಬ್‌ಟೈಟಲ್ ಹಾಕಿಕೊಳ್ಳಿ. ಸಿನಿಮಾ ಸುಮಾರು ಒಂದೂವರೆ ಗಂಟೆ ಇದೆ, ಅದಕ್ಕಿಂತ ತೀರಾ ಕಮ್ಮಿ ಇದ್ದರೆ ಯಾರೋ ಕತ್ತರಿ ಹಾಕಿದ್ದಾರೆ ಅಂತ ಅರ್ಥ.

ಮುಂದೆ 'ದಿ ಚರ್ಚ್' (1989), ಅರ್ಜೆಂಟೊ ನಿರ್ಮಾಣ. ಕಥೆ ಸಡಿಲ, ಚಿತ್ರಿಕೆ ಗಟ್ಟಿ. 'ದಿ ಸೆಕ್ಟ್' (1991) ನಿಧಾನ, ತಾಳ್ಮೆ ಇಲ್ಲದಿದ್ದರೆ ಸುಮ್ನೆ ಮುಂದೆ ಹೋಗಿ. 'ದೆಲ್ಲಾಮೊರ್ತೆ ದೆಲ್ಲಾಮೋರೆ' (1994) ಮಾತ್ರ ಬಿಡಬೇಡಿ. ಹೂತ ಏಳು ದಿನದೊಳಗೆ ಹೆಣಗಳು ಎದ್ದು ಬರುತ್ತವೆ, ಸ್ಮಶಾನದ ಕಾವಲುಗಾರ ಬೇಸರದಿಂದ ಮತ್ತೆ ಮತ್ತೆ ಗುಂಡು ಹೊಡೆಯುತ್ತಾನೆ. ರೂಪರ್ಟ್ ಎವರೆಟ್ ನಾಯಕ. ನಗು ಬರುತ್ತದೆ, ಆಮೇಲೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತದೆ.

ಅದಾದ ಮೇಲೆ ಅವರು ಕೆಲವು ವರ್ಷ ಸಿನಿಮಾ ಬಿಟ್ಟು ಟೀವಿಯಲ್ಲಿ ಜಾಸ್ತಿ ಕೆಲಸ ಮಾಡಿದರು. ಮನೆಯಲ್ಲಿ ಮಕ್ಕಳಿದ್ದರೆ 2018ರ 'ಲಾ ಬೆಫಾನಾ ವಿಯೆನ್ ದಿ ನೊತ್ತೆ' ಹಾಕಿ, ಉಡುಗೊರೆ ಹಂಚುವ ಮಾಟಗಾತಿಯ ಕಥೆ. ಉಳಿದವುಗಳನ್ನು ಮಕ್ಕಳು ಮಲಗಿದ ಮೇಲೆ, ಮಂಡಕ್ಕಿ ಮಿರ್ಚಿ ಮುಗಿಸಿಕೊಂಡೇ ನೋಡಿ. ತಿನ್ನುತ್ತಾ ನೋಡುವಂಥವಲ್ಲ.