ಟಾರು ಬಿಟ್ಟು ಮಣ್ಣಿಗಿಳಿಯುವ ಮುನ್ನ

ಫೋರ್ ವೀಲ್ ಡ್ರೈವ್ ಗಾಡಿ ಮನೆಗೆ ಬಂದೊಡನೆ ಕೊಡಚಾದ್ರಿ ಹತ್ತಬೇಕೆನ್ನುವ ಆಸೆ ಶಿವಮೊಗ್ಗ ಸೀಮೆಯವರಿಗೆ ಸಹಜ. ಆದರೆ ಕಟ್ಟಿನಹೊಳೆ ಕಡೆಯಿಂದ ಜೀಪು ಏರಿಸುವ ಚಾಲಕರಿಗೆ ಆ ದಾರಿಯ ಒಂದೊಂದು ಕೊರಕಲೂ ಪರಿಚಿತ. ಹೊಸಬರು ಅಲ್ಲಿಂದ ಆರಂಭಿಸುವುದು ತರವಲ್ಲ. ಆರಿದ್ರಾ, ಪುಷ್ಯ ಮಳೆಗಳು ಕಳೆದು ದೀಪಾವಳಿ ಮುಗಿದ ಮೇಲೆ, ಪರಿಚಯಸ್ಥರ ತೋಟದ ದಾರಿಯನ್ನು ಅವರ ಒಪ್ಪಿಗೆ ಪಡೆದು ಆರಿಸಿಕೊಳ್ಳಿ. ಅದು ಅಡಿಕೆ ಕೊಯ್ಲಿನ ಕಾಲವಾದ್ದರಿಂದ, ಅಡಿಕೆ ಗೊನೆ ಹೊರುವವರು ನಡೆಯುವ ದಾರಿಯನ್ನು ಚಕ್ರದಿಂದ ಉತ್ತು ಹಾಕದಂತೆ ಎಚ್ಚರ ವಹಿಸಬೇಕು. ಶರಾವತಿ, ಮೂಕಾಂಬಿಕಾ ಅಭಯಾರಣ್ಯಗಳೊಳಗೆ ಅನುಮತಿಯಿಲ್ಲದೆ ಹೋಗುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿಲ್ಲ.

ಮೊದಲು ಗಾಡಿಯ ಕೈಪಿಡಿ ಓದಿ. ಥಾರ್, ಜಿಮ್ನಿಯಂಥ ಗಾಡಿಗಳಲ್ಲಿ ಫೋರ್-ಹೈ (ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ಮಾಮೂಲಿ ವೇಗ) ಹಾಕಿದಾಗ ಮುಂದಿನ ಮತ್ತು ಹಿಂದಿನ ಚಕ್ರಗಳು ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯಾಗುವುದರಿಂದ, ಒಣ ಟಾರಿನ ಮೇಲೆ ಹಾಗೆ ಓಡಿಸಿದರೆ ತಿರುವುಗಳಲ್ಲಿ ಗೇರು, ಆಕ್ಸೆಲ್‌ಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಫೋರ್-ಲೋ (ನಾಲ್ಕೂ ಚಕ್ರಕ್ಕೆ ಬಲ, ವೇಗ ಕಡಿಮೆ, ಎಳೆತ ಹೆಚ್ಚು) ಇರುವುದು ಕಡಿದಾದ ಏರು, ಇಳುಕಲು ಮತ್ತು ಆಳವಾದ ಕೆಸರಿಗೆ. ಅದನ್ನು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಹಾಕಬೇಕು.

ಮುಂದಿನ ಕೆಲಸ ಟೈರಿನ ಗಾಳಿಯದು. ನನ್ನ ಮಟ್ಟಿಗೆ ಇಡೀ ಸಿದ್ಧತೆಯಲ್ಲಿ ಇದಕ್ಕಿಂತ ಮುಖ್ಯವಾದುದು ಇನ್ನೊಂದಿಲ್ಲ. ಮಲೆನಾಡಿನ ಕೆಂಪು ಜೇಡಿಮಣ್ಣು ಟೈರಿನ ಗ್ರಿಪ್ಪಿನ ಸಂದುಗಳಲ್ಲಿ ಮೆತ್ತಿಕೊಂಡರೆ ಹೊಸ ಟೈರೂ ಸವೆದ ಟೈರಿನಂತೆ ಜಾರುತ್ತದೆ. ಗಾಳಿಯನ್ನು ಸುಮಾರು 30 ಪಿಎಸ್‌ಐಯಿಂದ 20–22ಕ್ಕೆ ಇಳಿಸಿದಾಗ ಟೈರು ನೆಲಕ್ಕೆ ತಾಗುವ ಭಾಗ ಉದ್ದವಾಗಿ ಹಿಡಿತ ಹೆಚ್ಚುತ್ತದೆ. ಬಗ್ಗಿ ನೋಡಿದರೆ ಟೈರಿನ ಪಕ್ಕೆ ನೆಲದ ಬಳಿ ತುಸು ಉಬ್ಬಿರುವುದು ಕಾಣುತ್ತದೆ. 15ಕ್ಕಿಂತ ಕೆಳಗಿಳಿಸಿದರೆ ಟೈರು ರಿಮ್ಮಿನಿಂದ ಕಳಚುವ ಅಪಾಯವಿದೆ. ಗೇಜು ಮತ್ತು 12 ವೋಲ್ಟಿನ ಪಂಪು ಗಾಡಿಯಲ್ಲೇ ಇರಲಿ.

ಒಬ್ಬರೇ ಹೋಗಬೇಡಿ, ಜೊತೆಗೆ ಇನ್ನೊಂದು ಗಾಡಿ ಇರಬೇಕು. ಗಟ್ಟಿ ಹಗ್ಗ, ಶ್ಯಾಕಲ್ (ಹಗ್ಗವನ್ನು ಗಾಡಿಗೆ ಕೂಡಿಸುವ ಲೋಹದ ಕೊಂಡಿ), ಗುದ್ದಲಿ, ಕತ್ತಿ ಇಟ್ಟುಕೊಳ್ಳಿ. ಎಳೆಯುವ ಹಗ್ಗವನ್ನು ಚಾಸಿಗೆ ಭದ್ರವಾಗಿ ಕೂಡಿಸಿದ ಕೊಕ್ಕೆಗೇ ಕಟ್ಟಬೇಕು, ಎಳೆಯುವಾಗ ಸುತ್ತ ಯಾರೂ ನಿಲ್ಲಬಾರದು.

ಅನುಮಾನ ಬಂದ ಕಡೆಯಲ್ಲೆಲ್ಲ ಇಳಿದು ನಡೆದು ನೋಡಿ. ತರಗೆಲೆಯಡಿ ಕಲ್ಲು, ಮರದ ಕುಂಟೆ ಅಡಗಿರುತ್ತವೆ. ಹಳ್ಳವಿದ್ದರೆ ಕೋಲೂರಿ ಆಳ ಅಳೆಯಿರಿ. ನೀರು ಚಕ್ರದ ಅರ್ಧ ಮೀರುವಂತಿದ್ದರೆ ಅಥವಾ ಕೆಂಪಾಗಿ ರಭಸದಿಂದ ಹರಿಯುತ್ತಿದ್ದರೆ ದಾಟುವ ಮಾತೇ ಬೇಡ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಸಿಲಿಂಡರಿಗೆ ನೀರು ನುಗ್ಗಿದ್ದರೆ ಎಂಜಿನ್ನೇ ಮುರಿಯಬಹುದು.

ಇಳುಕಲಿನಲ್ಲಿ ಫೋರ್-ಲೋ ಮತ್ತು ಮೊದಲ ಗೇರಿನಲ್ಲಿ, ಕ್ಲಚ್ ಮುಟ್ಟದೆ, ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಏರು ಹತ್ತಲಾಗದೆ ನಿಂತರೆ ಅಡ್ಡ ತಿರುಗಿಸದೆ, ರಿವರ್ಸ್ ಗೇರಿನಲ್ಲಿ ನೇರ ಹಿಂದಕ್ಕೆ ಬನ್ನಿ. ಅಡ್ಡ ನಿಂತ ಗಾಡಿ ಉರುಳಬಹುದು. ಸ್ಟೀರಿಂಗ್ ಹಿಡಿಯುವಾಗ ಹೆಬ್ಬೆರಳು ಅದರ ಬಳೆಯ ಹೊರಗಿರಲಿ, ಗಾಡಿಯ ಚಕ್ರ ಕಲ್ಲಿಗೆ ಬಡಿದಾಗ ಸ್ಟೀರಿಂಗ್ ಫಕ್ಕನೆ ತಿರುಗಿ ಬೆರಳು ಮುರಿಯಬಲ್ಲದು.

ಟಾರಿಗೆ ಮರಳುವ ಮುನ್ನ ಟೂ-ಹೈಗೆ (ಎರಡೇ ಚಕ್ರಕ್ಕೆ ಬಲ ಹೋಗುವ ಸ್ಥಿತಿಗೆ) ಬದಲಿಸಿ, ಗಾಳಿ ತುಂಬಿಸಿ, ನೀರು ದಾಟಿದ್ದರೆ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಒಣಗಿಸಿ. ತೊಳೆಯುವಾಗ ರಿಮ್ಮಿನ ಒಳಬದಿಯ ಕೆಸರನ್ನೂ ಬಿಡಿಸಬೇಕು, ಅದು ಒಣಗಿ ಒಂದೇ ಕಡೆ ಕಚ್ಚಿಕೊಂಡರೆ ವೇಗ ಹೆಚ್ಚಿದಂತೆ ಸ್ಟೀರಿಂಗ್ ನಡುಗತೊಡಗುತ್ತದೆ.