ಗದ್ದೆಯ ಬಿಸಿಲಿಗೆ ನಾನು ಆರಿಸಿಕೊಂಡ ಕನ್ನಡಕ

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಬಲಗಣ್ಣಿನ ಬಿಳಿಯ ಭಾಗದಲ್ಲಿ, ಮೂಗಿನ ಕಡೆಗೆ, ಸಾಸಿವೆ ಕಾಳಿನಷ್ಟು ಹಳದಿ ಉಬ್ಬು ಕಂಡಿತು. ನಾನು ಪರವಾನಗಿ ಪಡೆದ ಭೂಮಾಪಕ. ಸಿಂಧನೂರು, ಗಂಗಾವತಿ ಕಡೆಯ ಭತ್ತದ ಗದ್ದೆಗಳಲ್ಲಿ 11ಇ ನಕ್ಷೆ (ಜಮೀನಿನ ಭಾಗ ಮಾರುವ ಮೊದಲು ಬೇಕಾಗುವ ಅಳತೆ ನಕ್ಷೆ), ಪೋಡಿ (ಜಮೀನಿನ ಪಾಲನ್ನು ಬೇರ್ಪಡಿಸುವುದು) ಎಂದು ಅಳತೆಗೆ ಇಳಿದರೆ ಸಂಜೆಯವರೆಗೂ ತಲೆಯ ಮೇಲೆ ಬಿಸಿಲು, ಕಾಲ ಬುಡದಲ್ಲಿ ಕನ್ನಡಿಯಂತೆ ಹೊಳೆಯುವ ನೀರು.

ಕಣ್ಣಿನ ವೈದ್ಯರು ಸದ್ಯಕ್ಕೆ ಭಯವಿಲ್ಲ ಎಂದರು. ಆದರೆ ಹೀಗೇ ಬಿಸಿಲಿಗೆ ಒಡ್ಡುತ್ತಾ ಹೋದರೆ ಮಾಂಸದ ಪದರ ಬೆಳೆದು ಕರಿಗುಡ್ಡೆಯ ಮೇಲೆ ಹಬ್ಬಬಹುದು, ಪೊರೆಯೂ ಬೇಗ ಬರಬಹುದು ಎಂದು ಎಚ್ಚರಿಸಿದರು. ಮೂಗಿನ ಕಡೆಗೇ ಏಕೆ ಬಂತು ಎಂದು ಕೇಳಿದೆ. ಕಿವಿಯ ಕಡೆಯಿಂದ ಓರೆಯಾಗಿ ಬೀಳುವ ಬೆಳಕನ್ನು ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಭೂತಗನ್ನಡಿಯಂತೆ ಬಾಗಿಸಿ ಮೂಗಿನ ಕಡೆಯ ಅಂಚಿನಲ್ಲಿ ಕೂಡಿಸುತ್ತದೆ ಎಂದರು. ಕನ್ನಡಕದ ಪಕ್ಕದಿಂದ ನುಸುಳುವ ಬೆಳಕನ್ನು ನಾನು ಅಲ್ಲಿಯವರೆಗೆ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಬಸ್ ನಿಲ್ದಾಣದ ಬಳಿ 150 ರೂಪಾಯಿಗೆ ಕೊಂಡ ಕಡುಗಪ್ಪು ಕನ್ನಡಕ ನನ್ನಲ್ಲಿತ್ತು. ಅದನ್ನು ಹಿಡಿದು ಊರಿನ ಕನ್ನಡಕದ ಅಂಗಡಿಗೆ ಹೋದೆ. ಅಂಗಡಿಯವರು ದೀಪ ಆರಿಸಿ, 500ರ ನೋಟಿನ ಮೇಲೆ ನೇರಳಾತೀತ (ಯುವಿ) ಟಾರ್ಚ್ ಹಿಡಿದರು. ನೋಟಿನ ಸಂಖ್ಯೆಗಳು ಮಿಂಚುಹುಳದಂತೆ ಹೊಳೆದವು. ನನ್ನ ಕನ್ನಡಕವನ್ನು ನಡುವೆ ಹಿಡಿದಾಗ ಹೊಳಪು ಮಂಕಾಯಿತು, ಆರಲಿಲ್ಲ. ಆಮೇಲೆ ಬಣ್ಣವೇ ಇಲ್ಲದ ಪಾಲಿಕಾರ್ಬೊನೇಟ್ ಮಸೂರವನ್ನು ಹಿಡಿದರು. ಹೊಳಪು ಪೂರ್ತಿ ಆರಿಹೋಯಿತು! ಕಪ್ಪು ಬಣ್ಣಕ್ಕೂ ರಕ್ಷಣೆಗೂ ಸಂಬಂಧವಿಲ್ಲ ಎಂಬುದು ಆ ಕ್ಷಣದಲ್ಲಿ ಮನಸ್ಸಿಗೆ ನಾಟಿತು. ಅಷ್ಟೇ ಅಲ್ಲ, ಕಪ್ಪು ಗಾಜಿನ ಹಿಂದೆ ಪಾಪೆ ಹಿಗ್ಗುತ್ತದೆ. ಗಾಜು ನೇರಳಾತೀತ ಕಿರಣವನ್ನು ತಡೆಯದಿದ್ದರೆ ಹಿಗ್ಗಿದ ಪಾಪೆಯಿಂದ ಅದು ಇನ್ನಷ್ಟು ಒಳಗೆ ಹೋಗುತ್ತದೆ. ಇಷ್ಟು ವರ್ಷ ನಾನು ಅದನ್ನೇ ಹಾಕಿಕೊಂಡು ತಿರುಗಿದ್ದೆ.

ಹಾಗಾಗಿ ಮೊದಲು ನೋಡಿದ್ದು ಯುವಿ 400 ಎಂಬ ಗುರುತು. 400 ನ್ಯಾನೊಮೀಟರ್‌ವರೆಗಿನ ಕಿರಣಗಳನ್ನು ತಡೆಯುತ್ತದೆ ಎಂದು ಅದರ ಅರ್ಥ. ಗುರುತಿನ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದಾದ್ದರಿಂದ ನೋಟಿನ ಪರೀಕ್ಷೆಯನ್ನೂ ಮಾಡಿಸಿದೆ. ಮಸೂರ ಎಷ್ಟು ಕಪ್ಪು ಎಂಬುದನ್ನು 0ಯಿಂದ 4ರವರೆಗಿನ ವರ್ಗಗಳಲ್ಲಿ ಹೇಳುತ್ತಾರೆ; ನನಗೆ 3ನೇ ವರ್ಗ ಸಾಕಾಯಿತು. 4ನೇ ವರ್ಗ ಬಹಳ ಕಪ್ಪು, ಅದನ್ನು ಹಾಕಿಕೊಂಡು ಗಾಡಿ ಓಡಿಸಬಾರದು. ನಾನು ದಿನವೂ ಬೈಕಿನಲ್ಲಿ ಓಡಾಡುವವನು.

ಪೋಲರೈಸ್ಡ್ ಮಸೂರದ ವಿಷಯದಲ್ಲಿ ವಾರವಿಡೀ ಯೋಚಿಸಿದೆ. ನೀರಿನ ಮೇಲಿಂದ ಚಿಮ್ಮುವ ಝಳಪನ್ನು ಅದು ಅಳಿಸಿಹಾಕುತ್ತದೆ. ಹಾಕಿಕೊಂಡು ಗದ್ದೆಗೆ ಇಳಿದ ಮೊದಲ ದಿನವೇ ಗೇಣು ನೀರಿನಡಿ ಮುಳುಗಿದ್ದ ಬಾಂದು ಕಲ್ಲಿನ ತಲೆ ದಡದಿಂದಲೇ ಕಂಡಿತು. ತೊಡಕು ಇರುವುದು ಕೋನ, ದೂರ ಅಳೆಯುವ ಯಂತ್ರವಾದ ಟೋಟಲ್ ಸ್ಟೇಷನ್ನಿನ ಪರದೆಯಲ್ಲಿ: ತಲೆಯನ್ನು ಒಂದಿಷ್ಟು ವಾಲಿಸಿದರೆ ಅಂಕಿಗಳೆಲ್ಲ ಕಪ್ಪಾಗುತ್ತವೆ. ಈಗ ನೇರ ನಿಂತು ಓದುವುದು ರೂಢಿಯಾಗಿದೆ. ಆ ಯಂತ್ರದ ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಿ ನೋಡಲು ಮಾತ್ರ ಯಾವ ತಂಪು ಕನ್ನಡಕವೂ ರಕ್ಷಣೆಯಲ್ಲ, ಅದಕ್ಕೆ ಪ್ರತ್ಯೇಕ ಸೌರ ಶೋಧಕವೇ ಬೇಕು.

ಇನ್ನು ಅಂದದ ಮಾತು. ಅದನ್ನು ನಾನು ಕಡೆಗಣಿಸಲಿಲ್ಲ, ಮುಖಕ್ಕೆ ಒಪ್ಪದ ಕನ್ನಡಕ ಕಿಸೆಯಲ್ಲೇ ಉಳಿದುಬಿಡುತ್ತದೆ. ನನ್ನದು ದುಂಡು ಮುಖ, ಕೋನವಿರುವ ಚೌಕಟ್ಟು ಚೆನ್ನಾಗಿ ಕಾಣುತ್ತದೆ. ಕಡ್ಡಿಯ ಒಳಬದಿಯಲ್ಲಿ 60, 16, 135 ಎಂದು ಮೂರು ಅಂಕಿಗಳಿವೆ: ಮಸೂರದ ಅಗಲ, ಮೂಗಿನ ಸೇತುವೆ, ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಪಕ್ಕಕ್ಕೆ ಬಾಗಿ ಕಣ್ಣನ್ನು ಅಪ್ಪಿಕೊಳ್ಳುವ, ತೆಳುವಾದ ಕಡ್ಡಿಯ ಕಂದು ಚೌಕಟ್ಟು ಅದು, ಹೆಲ್ಮೆಟ್ ಒಳಗೆ ಒತ್ತುವುದಿಲ್ಲ. ಲೋಹದ್ದನ್ನು ಬಿಟ್ಟೆ. ಮೇ ತಿಂಗಳ ಬಿಸಿಲಿನಲ್ಲಿ ಅದು ಕೆನ್ನೆಗೆ ಬರೆ ಹಾಕುತ್ತದೆ. ಮೇಲೆ ಅಗಲ ಅಂಚಿನ ಟೋಪಿಯಂತೂ ಇದ್ದೇ ಇದೆ.

ರಾತ್ರಿ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದಕ್ಕೆ ನೀಲಿ ಬೆಳಕು ತಡೆಯುವ ಲೇಪನವನ್ನೂ ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳಿದರು. ಬೇಡವೆಂದೆ. ಪರದೆಯ ಮುಂದೆ ಕಣ್ಣು ಉರಿಯುವುದು ರೆಪ್ಪೆ ಮಿಟುಕಿಸುವುದನ್ನು ಮರೆಯುವುದರಿಂದ; ಆಗಾಗ ಎದ್ದು ಕಿಟಕಿಯಾಚೆ ನೋಡುತ್ತೇನೆ.

ಹಳದಿ ಉಬ್ಬು ಹಾಗೆಯೇ ಇದೆ, ಬೆಳೆದಿಲ್ಲ. ಹೋದ ತಿಂಗಳು, ಅಳತೆಯ ಗುರಿಯಾಗಿ ಪ್ರಿಸಂ ಕಂಬ ಹಿಡಿಯುವ ನನ್ನ ಸಹಾಯಕನನ್ನು ಅದೇ ಅಂಗಡಿಗೆ ಕರೆದುಕೊಂಡು ಹೋದೆ. ಅವನ ಮೂಗು ಕಿರಿದು, ಬೆವರಿದಾಗ ನನ್ನ ಅಳತೆಯದು ಜಾರಿತು. 14ರ ಸೇತುವೆಯದು ಗಟ್ಟಿಯಾಗಿ ಕೂತಿತು. ನೋಟು ಮತ್ತು ಟಾರ್ಚನ್ನು ಅವನೇ ಕೇಳಿ ಪಡೆದ.