ಜೆ-24 ಪಂದ್ಯ: ಆರಂಭದ ಐದು ನಿಮಿಷಗಳು
ಅಮೆರಿಕದ ರಾಡ್ ಜಾನ್‌ಸ್ಟೋನ್ 1970ರ ದಶಕದಲ್ಲಿ ರೂಪಿಸಿದ, ಸಾಮಾನ್ಯವಾಗಿ ಐವರು ನಡೆಸುವ ಜೆ-24 ಹಾಯಿದೋಣಿಯು ಅಡಿಯಲ್ಲಿ ರೆಕ್ಕೆಯಂತೆ ಚಾಚಿರುವ ಭಾರವಾದ ಕೀಲ್‌ನಿಂದಾಗಿ ನಿಂತಲ್ಲಿಂದ ಥಟ್ಟನೆ ವೇಗ ಪಡೆಯಲಾರದು. ಆದ್ದರಿಂದ ಆರಂಭದ ಸಿದ್ಧತೆ ಬೇಗನೆ ನಡೆಯಬೇಕು.

ಮೊದಲು ಆರಂಭರೇಖೆಯ ನಡುವೆ ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ. ಮೂತಿ ರೇಖೆಯ ಯಾವ ತುದಿಯ ಕಡೆಗೆ ಹೆಚ್ಚು ತಿರುಗಿರುತ್ತದೆಯೋ ಆ ತುದಿಯಿಂದ ಹೊರಟವರಿಗೆ ದೂರ ಕಡಿಮೆ. ಆದರೆ ಎಲ್ಲರೂ ಅಲ್ಲಿಗೇ ನುಗ್ಗುವುದರಿಂದ, ಹೊಸಬರು ತುಸು ದೂರದಿಂದ ಹೊರಡುವುದೇ ಲೇಸು.

ಆರಂಭಕ್ಕೆ ಐದು ನಿಮಿಷವಿರುವಾಗ ವರ್ಗದ, ಅಂದರೆ ಆ ಬಗೆಯ ದೋಣಿಗಳ ಗುಂಪಿನ, ಬಾವುಟ ಏರುತ್ತದೆ. ನಾಲ್ಕಕ್ಕೆ ಸಿದ್ಧತೆಯ ಬಾವುಟ ಏರಿ, ಒಂದಕ್ಕೆ ಇಳಿಯುತ್ತದೆ. ಸಮಯವನ್ನು ಜೊತೆಗೆ ಕೇಳಿಬರುವ ಸೂಚನೆಯ ಸದ್ದಿನಿಂದಲ್ಲ, ಬಾವುಟದಿಂದಲೇ ಲೆಕ್ಕ ಹಾಕಬೇಕು. ಕೊನೆಯ ನಿಮಿಷದಲ್ಲಿ ಬಲಬದಿಯಿಂದ ಗಾಳಿ ಪಡೆಯುತ್ತ ಸಾಗಿದರೆ, ಎಡಬದಿಯಿಂದ ಗಾಳಿ ಪಡೆಯುವ ದೋಣಿಗಳು ನಿಮಗೆ ದಾರಿ ಬಿಡಬೇಕಾಗುತ್ತದೆ. ಗಾಳಿ ಹೋಗುವ ಬದಿಯಲ್ಲಿ ಒಂದಿಷ್ಟು ಜಾಗ ಕಾಯ್ದುಕೊಳ್ಳಿ. ಹಾಯಿ ಬಿಗಿಯುವ ಮುನ್ನ ಮೂತಿಯನ್ನು ಆ ಕಡೆಗೆ ಇಳಿಸಿ ವೇಗ ಗಳಿಸಲು ಅದು ಬೇಕು.